ಒಂದೇ ನೊಗಕ್ಕೆ ಎರಡು ಪದರ: ವೋಲ್ಟೇಜಿನಿಂದ ಕಾಂತವನ್ನು ಹೊರಳಿಸಿದ ಚರಿತ್ರೆ

ಅಯಸ್ಕಾಂತದ ಧ್ರುವಗಳನ್ನು ಅದಲುಬದಲು ಮಾಡಬೇಕಾದರೆ ಇನ್ನೊಂದು ಕಾಂತಕ್ಷೇತ್ರ ಬೇಕು. ಆ ಕ್ಷೇತ್ರ ಬೇಕೆಂದರೆ ತಂತಿಯ ಸುರುಳಿಯಲ್ಲಿ ವಿದ್ಯುತ್ತು ಹರಿಯಬೇಕು. ವಿದ್ಯುತ್ತು ಹರಿಯುವ ತಂತಿಯ ಬಳಿ ದಿಕ್ಸೂಚಿಯ ಮುಳ್ಳು ಅಲುಗುವುದನ್ನು ಕೋಪನ್‌ಹೇಗನ್ನಿನ ಏರ್‌ಸ್ಟೆಡ್ 1820ರಲ್ಲಿ ಕಂಡ. ಮೋಟಾರು, ಟ್ರಾನ್ಸ್‌ಫಾರ್ಮರು, ಧ್ವನಿಮುದ್ರಣದ ಟೇಪು, ಗಣಕಯಂತ್ರದ ಹಾರ್ಡ್ ಡಿಸ್ಕು ಎಲ್ಲವೂ ಆ ನಂಟಿನ ಮೇಲೆಯೇ ನಿಂತವು. ಆದರೆ ವಿದ್ಯುತ್ತು ಹರಿದಲ್ಲೆಲ್ಲ ತಂತಿ ಬಿಸಿಯಾಗುತ್ತದೆ. ಒಂದು ಮೋಟಾರಿನ ಮಟ್ಟಿಗೆ ಈ ಬಿಸಿ ಸಹ್ಯ. ಉಗುರಿನಗಲದ ಚಿಪ್ಪಿನಲ್ಲಿ ಕೋಟಿಗಟ್ಟಲೆ ಕಾಂತಕಣಗಳು ಸೆಕೆಂಡಿಗೆ ಲೆಕ್ಕವಿಲ್ಲದಷ್ಟು ಸಲ ಹೊರಳಬೇಕಾದಾಗ ಅದೇ ಬಿಸಿ ದೊಡ್ಡ ಅಡ್ಡಿಯಾಗುತ್ತದೆ. ವಿದ್ಯುತ್ತನ್ನು ಹರಿಸದೆ, ಬರೀ ವೋಲ್ಟೇಜು ಕೊಟ್ಟು ಕಾಂತವನ್ನು ಹೊರಳಿಸಲು ಬರುವುದೇ ಎಂಬ ಪ್ರಶ್ನೆಗೆ ನೂರು ವರ್ಷಕ್ಕೂ ಮಿಕ್ಕಿದ ಇತಿಹಾಸವಿದೆ. ಉತ್ತರ ಸಿಕ್ಕಿದ್ದು ಒಂದೇ ವಸ್ತುವಿನಲ್ಲಲ್ಲ, ಒಂದರ ಮೇಲೊಂದು ಹಾಸಿದ ಎರಡು ವಸ್ತುಗಳ ನಡುವಿನ ಗಡಿಯಲ್ಲಿ. ಆ ಉತ್ತರದಲ್ಲಿ ಬೆಂಗಳೂರಿಗೂ ಧಾರವಾಡಕ್ಕೂ ಪಾಲಿದೆ.

ಕಾಂತ ಹೊರಳುವ ಬಗೆಯನ್ನು ಮೊದಲು ಸರಿಯಾಗಿ ಅಳೆದವರಲ್ಲೊಬ್ಬ ಸ್ಕಾಟ್ಲೆಂಡಿನ ಜೇಮ್ಸ್ ಆಲ್ಫ್ರೆಡ್ ಈವಿಂಗ್. 1878ರಿಂದ 1883ರವರೆಗೆ ಆತ ಟೋಕಿಯೋದಲ್ಲಿ ಅಧ್ಯಾಪಕನಾಗಿದ್ದ. ಕಬ್ಬಿಣಕ್ಕೆ ಕೊಡುವ ಕ್ಷೇತ್ರವನ್ನು ಏರಿಸಿ ಇಳಿಸಿದಾಗ ಕಾಂತೀಕರಣ ಬಂದ ದಾರಿಯಲ್ಲೇ ಹಿಂದಿರುಗುವುದಿಲ್ಲ, ಹಿಂದೆ ಉಳಿಯುತ್ತದೆ ಎಂದು ಆತ ಗಮನಿಸಿ, ಅದಕ್ಕೆ ಗ್ರೀಕ್ ಮೂಲದಿಂದ ಹಿಸ್ಟೆರಿಸಿಸ್ ಎಂದು ಹೆಸರಿಟ್ಟ. ಕಾಗದದ ಮೇಲೆ ಬರೆದರೆ ಅದೊಂದು ಮುಚ್ಚಿದ ಕುಣಿಕೆ. ಕ್ಷೇತ್ರ ತೆಗೆದ ಮೇಲೂ ಉಳಿಯುವ ಕಾಂತೀಕರಣವೇ ಆ ವಸ್ತುವಿನ ನೆನಪು; ಅದನ್ನು ಅಳಿಸಲು ಎದುರು ದಿಕ್ಕಿನಲ್ಲಿ ಕೊಡಬೇಕಾದ ಕ್ಷೇತ್ರವೇ ಆ ವಸ್ತುವಿನ ಹಟ. ಕುಣಿಕೆಯ ಒಳಗಿನ ವಿಸ್ತೀರ್ಣ, ಒಂದು ಸುತ್ತಿಗೆ ಶಾಖವಾಗಿ ಪೋಲಾಗುವ ಶಕ್ತಿಯ ಲೆಕ್ಕ. 1907ರಲ್ಲಿ ಫ್ರಾನ್ಸಿನ ಪಿಯರ್ ವೈಸ್ ಇದಕ್ಕೆ ಒಳಗಿನ ಕಾರಣ ಸೂಚಿಸಿದ. ಕಬ್ಬಿಣದ ತುಂಡು ಅನೇಕ ಸಣ್ಣ ಸಣ್ಣ ವಲಯಗಳಾಗಿ ಒಡೆದಿರುತ್ತದೆ, ಒಂದೊಂದು ವಲಯದಲ್ಲೂ ಪರಮಾಣು ಕಾಂತಗಳೆಲ್ಲ ಒಂದೇ ಕಡೆ ಮುಖ ಮಾಡಿರುತ್ತವೆ ಎಂಬುದು ಅವನ ಕಲ್ಪನೆ. 1919ರಲ್ಲಿ ಬಾರ್ಕ್‌ಹೌಸೆನ್ ಎಂಬ ಜರ್ಮನ್ ವಿಜ್ಞಾನಿ ಈ ವಲಯಗಳು ಹೊರಳುವಾಗಿನ ಚಟಪಟ ಸದ್ದನ್ನು ಧ್ವನಿವರ್ಧಕದ ಮೂಲಕ ಕಿವಿಗೇ ಕೇಳಿಸಿದ. ಕಾಂತ ನುಣ್ಣಗೆ ಜಾರಿ ತಿರುಗುವುದಿಲ್ಲ, ವಲಯದ ಗೋಡೆಗಳು ಒಂದು ಕಡೆ ಸಿಕ್ಕಿಕೊಂಡು, ಆಮೇಲೆ ತಟ್ಟನೆ ಜಿಗಿಯುತ್ತವೆ ಎಂಬುದಕ್ಕೆ ಆ ಸದ್ದೇ ಸಾಕ್ಷಿಯಾಯಿತು.

ಇದೇ ಬಗೆಯ ಕುಣಿಕೆ ಕಬ್ಬಿಣದ ಹೆಸರೇ ಇಲ್ಲದ ಒಂದು ಉಪ್ಪಿನಲ್ಲೂ ಕಾಣಿಸಿಕೊಂಡಿತು. ಅಮೆರಿಕದ ಮಿನ್ನೆಸೋಟ ವಿಶ್ವವಿದ್ಯಾಲಯದಲ್ಲಿ ಜೋಸೆಫ್ ವಲಾಸೆಕ್ 1920ರಲ್ಲಿ ರೋಶೆಲ್ ಉಪ್ಪಿನ ಹರಳಿಗೆ ವಿದ್ಯುತ್ ಕ್ಷೇತ್ರ ಕೊಟ್ಟು ನೋಡಿದ. ಹರಳಿನ ಧ್ರುವೀಕರಣ, ಎಂದರೆ ಒಳಗಿನ ಧನ ಮತ್ತು ಋಣ ಆವೇಶಗಳು ಒಂದರಿಂದೊಂದು ಸರಿದು ನಿಲ್ಲುವ ಬಗೆ, ಈವಿಂಗನ ಕುಣಿಕೆಯನ್ನೇ ಬರೆಯಿತು. ವರ್ತನೆ ಕಬ್ಬಿಣದ ಕಾಂತವನ್ನು ಹೋಲುತ್ತದೆಂಬ ಒಂದೇ ಕಾರಣಕ್ಕೆ ಇಂಥ ವಸ್ತುಗಳಿಗೆ ಫೆರೋವಿದ್ಯುತ್ ವಸ್ತುಗಳೆಂಬ ಹೆಸರು ಬಂತು. ರೋಶೆಲ್ ಉಪ್ಪು ನಾಜೂಕಿನದು, ನೀರಿನಲ್ಲಿ ಕರಗುತ್ತದೆ, 24 ಡಿಗ್ರಿ ಸೆಲ್ಸಿಯಸ್ ದಾಟಿದರೆ ಈ ಗುಣವನ್ನೇ ಕಳೆದುಕೊಳ್ಳುತ್ತದೆ. ಎರಡನೆಯ ಮಹಾಯುದ್ಧದ ಕಾಲಕ್ಕೆ ಅಮೆರಿಕ, ಜಪಾನ್ ಮತ್ತು ಸೋವಿಯತ್ ಒಕ್ಕೂಟಗಳಲ್ಲಿ ಹೆಚ್ಚುಕಡಿಮೆ ಒಟ್ಟಿಗೇ ಬೇರಿಯಂ ಟೈಟನೇಟ್ ಬೆಳಕಿಗೆ ಬಂತು. ಅದು ಮಡಕೆಯಂತೆ ಸುಟ್ಟು ಗಟ್ಟಿ ಮಾಡಬಹುದಾದ ಪಿಂಗಾಣಿ. 120 ಡಿಗ್ರಿಯವರೆಗೂ ಫೆರೋವಿದ್ಯುತ್ ಗುಣ ಉಳಿಸಿಕೊಳ್ಳುವ ಈ ವಸ್ತುವಿನಿಂದ ಸಂಶೋಧಕರ ಕೈಗೆ ಗಟ್ಟಿಯಾದ ಸಾಮಗ್ರಿ ಸಿಕ್ಕಂತಾಯಿತು.

ಒಂದು ಕಡೆ ಕಾಂತಕ್ಷೇತ್ರಕ್ಕೆ ಹೊರಳುವ ಫೆರೋಕಾಂತ, ಇನ್ನೊಂದು ಕಡೆ ವೋಲ್ಟೇಜಿಗೆ ಹೊರಳುವ ಫೆರೋವಿದ್ಯುತ್. ಎರಡನ್ನೂ ಅಡ್ಡಡ್ಡ ಬೆಸೆಯುವ ಆಸೆ ಫೆರೋವಿದ್ಯುತ್ತಿನ ಶೋಧಕ್ಕಿಂತ ಹಳೆಯದು. ವಿದ್ಯುತ್ ಕ್ಷೇತ್ರದಲ್ಲಿ ಚಲಿಸುವ ನಿರೋಧಕ ವಸ್ತು ಕಾಂತಗುಣ ಪಡೆಯುವುದನ್ನು 1888ರಲ್ಲಿ ರಾಂಟ್‌ಗೆನ್ ತೋರಿಸಿದ್ದ. ಸ್ಥಿರವಾಗಿರುವ ಹರಳಿನಲ್ಲೂ ಇಂಥ ನಂಟು ಸಾಧ್ಯವೆಂದು ಹರಳಿನ ಸಮ್ಮಿತಿಯನ್ನು ನೋಡಿಯೇ ಪಿಯರ್ ಕ್ಯೂರಿ 1894ರಲ್ಲಿ ಹೇಳಿದ. ಅವನ ಮಾತು ಅರವತ್ತು ವರ್ಷಕ್ಕೂ ಹೆಚ್ಚು ಕಾಲ ಮಾತಾಗಿಯೇ ಉಳಿಯಿತು. 1959ರಲ್ಲಿ ಮಾಸ್ಕೋದ ಜ್ಯಾಲೋಶಿನ್ಸ್ಕಿ, ಲಾಂಡೌ ಮತ್ತು ಲಿಫ್‌ಶಿಟ್ಸ್ ಹಾಕಿಕೊಟ್ಟ ಜಾಡಿನಲ್ಲಿ ನಡೆದು, ಕ್ರೋಮಿಯಂ ಆಕ್ಸೈಡ್‌ನಲ್ಲಿ ಈ ಪರಿಣಾಮ ಇರಲೇಬೇಕೆಂದು ಲೆಕ್ಕ ಹಾಕಿ ಹೇಳಿದ. ಮರುವರ್ಷವೇ ಆಸ್ಟ್ರೋವ್ ಅದನ್ನು ಅಳೆದು ತೋರಿಸಿದ. ವಿದ್ಯುತ್ ಕ್ಷೇತ್ರ ಕೊಟ್ಟರೆ ಕಾಂತೀಕರಣ ಹುಟ್ಟುತ್ತಿತ್ತು, ಆದರೆ ಯಾವ ಯಂತ್ರಕ್ಕೂ ಉಪಯೋಗವಾಗದಷ್ಟು ಅಲ್ಪ. 1966ರಲ್ಲಿ ಜಿನೀವಾದಲ್ಲಿ ಹ್ಯಾನ್ಸ್ ಶ್ಮಿಡ್ ಮತ್ತು ಸಂಗಡಿಗರು ನಿಕ್ಕಲ್ ಅಯೋಡಿನ್ ಬೋರಸೈಟ್ ಎಂಬ ಹರಳಿನಲ್ಲಿ ಎರಡೂ ಗುಣಗಳು ಕೂಡಿ ಹೊರಳುವುದನ್ನು ಕಂಡರು. ಮುಂದೆ 1994ರಲ್ಲಿ ಇಂಥ ವಸ್ತುಗಳಿಗೆ ಮಲ್ಟಿಫೆರೋಯಿಕ್ ಎಂಬ ಹೆಸರು ಕೊಟ್ಟವನೂ ಇದೇ ಶ್ಮಿಡ್. ಆ ಬೋರಸೈಟ್ ಕೆಲಸ ಮಾಡುತ್ತಿದ್ದದ್ದು ಸೊನ್ನೆಗಿಂತ ಇನ್ನೂರಕ್ಕೂ ಹೆಚ್ಚು ಡಿಗ್ರಿ ಕೆಳಗೆ. ಬಯಲುಸೀಮೆಯ ಬಿಸಿಲಿರಲಿ, ಯುರೋಪಿನ ಚಳಿಗಾಲವೂ ಅದಕ್ಕೆ ಸುಡುಬಿಸಿಲೇ.

ಒಂದೇ ಹರಳಿನಲ್ಲಿ ಎರಡೂ ಗುಣ ಬಳಕೆಗೆ ಬರುವಂತೆ ಸಿಗದಿದ್ದರೆ ಎರಡು ಹರಳುಗಳನ್ನು ಕೂಡಿಸಬಾರದೇಕೆ? ಹಾಲೆಂಡಿನ ಐಂಡ್‌ಹೋವನ್ನಿನ ಫಿಲಿಪ್ಸ್ ಪ್ರಯೋಗಾಲಯದಲ್ಲಿ ವಾನ್ ಸುಖ್ಟೆಲೆನ್ 1972ರಲ್ಲಿ ಮುಂದಿಟ್ಟ ವಿಚಾರ ಇದು. ಇದರ ಬೇರು ಹತ್ತೊಂಬತ್ತನೆಯ ಶತಮಾನದ ಎರಡು ಶೋಧಗಳಲ್ಲಿದೆ. ಕಾಂತೀಕರಿಸಿದ ಕಬ್ಬಿಣದ ಸರಳು ತುಸು ಉದ್ದವಾಗುತ್ತದೆಂದು ಜೌಲ್ 1842ರಲ್ಲೇ ಕಂಡುಹಿಡಿದಿದ್ದ. ಕೆಲವು ಹರಳುಗಳನ್ನು ಒತ್ತಿದರೆ ಮೈಮೇಲೆ ವಿದ್ಯುತ್ ಆವೇಶ ಮೂಡುತ್ತದೆಂದು ಕ್ಯೂರಿ ಸೋದರರು 1880ರಲ್ಲಿ ತೋರಿಸಿದ್ದರು. ಅದು ಪೀಜೋವಿದ್ಯುತ್ ಗುಣ. ಮೊದಲನೆಯ ಗುಣದ ವಸ್ತುವನ್ನು ಎರಡನೆಯ ಗುಣದ ವಸ್ತುವಿಗೆ ಬಿಗಿಯಾಗಿ ಅಂಟಿಸಿದರೆ ಕಾಂತಕ್ಷೇತ್ರಕ್ಕೆ ಮೊದಲನೆಯದು ಹಿಗ್ಗುತ್ತದೆ, ಅದರ ಹಿಗ್ಗು ಎರಡನೆಯದನ್ನು ಎಳೆಯುತ್ತದೆ, ಎಳೆತಕ್ಕೆ ವೋಲ್ಟೇಜು ಹುಟ್ಟುತ್ತದೆ. ತಿರುವುಮುರುವಾಗಿ, ವೋಲ್ಟೇಜು ಕೊಟ್ಟರೆ ಪೀಜೋ ಗುಣವೂ ಇರುವ ಫೆರೋವಿದ್ಯುತ್ ಪದರ ಹಿಗ್ಗಿ ಕುಗ್ಗಿ ಪಕ್ಕದ ಕಾಂತವನ್ನು ಬಲವಂತವಾಗಿ ತಿರುಗಿಸುತ್ತದೆ. ಒಂಟೊಂಟಿಯಾಗಿ ಎರಡರಲ್ಲೂ ಇಲ್ಲದ ಗುಣ ಜೋಡಿಯಲ್ಲಿ ಹುಟ್ಟುತ್ತದೆ. ಎರೆಯ ಹೊಲದಲ್ಲಿ ಜೋಡೆತ್ತು ಹೂಡಿದಂತೆಯೇ ಇದು: ಒಂದು ಎತ್ತು ಹೊರಳಿದರೆ ಇನ್ನೊಂದೂ ಹೊರಳಬೇಕು, ಏಕೆಂದರೆ ಹೆಗಲ ಮೇಲೆ ನೊಗವಿದೆ. ಇಲ್ಲಿ ನೊಗದ ಕೆಲಸ ಮಾಡುವುದು ಯಾಂತ್ರಿಕ ಬಿಗಿತ.

ಫಿಲಿಪ್ಸ್‌ನ ವಾನ್ ಡೆನ್ ಬೂಮ್‌ಗಾರ್ಡ್ ಮತ್ತು ಸಂಗಡಿಗರು 1974ರಲ್ಲಿ ಬೇರಿಯಂ ಟೈಟನೇಟ್ ಮತ್ತು ಕೋಬಾಲ್ಟ್ ಫೆರೈಟ್‌ಗಳನ್ನು ಒಟ್ಟಿಗೆ ಕರಗಿಸಿ, ಒಂದೇ ದಿಕ್ಕಿನಿಂದ ನಿಧಾನವಾಗಿ ಹೆಪ್ಪುಗಟ್ಟಿಸಿದರು. ತಣಿಯುವಾಗ ಎರಡೂ ಬೇರೆ ಬೇರೆಯಾಗಿ, ಆದರೆ ಒಂದಕ್ಕೊಂದು ಅಂಟಿಕೊಂಡೇ ಘನವಾದವು. ಅಳತೆಗೆ ಸಿಕ್ಕ ಪರಿಣಾಮ ಕ್ರೋಮಿಯಂ ಆಕ್ಸೈಡಿನದಕ್ಕಿಂತ ಎಷ್ಟೋ ಪಟ್ಟು ದೊಡ್ಡದಾಗಿತ್ತು. ಆದರೆ ವಿಧಾನ ಕಠಿಣ. ಕೆಲವೇ ವರ್ಷಗಳಲ್ಲಿ ಅದೇ ಪ್ರಯೋಗಾಲಯದವರು ಸುಲಭದ ದಾರಿಯನ್ನೂ ತೋರಿಸಿದರು: ಎರಡರ ಪುಡಿಯನ್ನೂ ಬೆರೆಸಿ, ಬಿಲ್ಲೆಯಾಗಿ ಒತ್ತಿ, ಕುಲುಮೆಯಲ್ಲಿ ಸುಡುವುದು. ಪರಿಣಾಮ ಕಡಿಮೆಯಾದರೂ ಖರ್ಚು ತೀರ ಕಡಿಮೆ. ದೊಡ್ಡ ಯಂತ್ರಗಳಿಲ್ಲದ ವಿಶ್ವವಿದ್ಯಾಲಯಗಳಿಗೆ ಬಾಗಿಲು ತೆರೆದದ್ದು ಈ ಎರಡನೆಯ ದಾರಿ. ಅದು ಕೊಲ್ಲಾಪುರದ ಶಿವಾಜಿ ವಿಶ್ವವಿದ್ಯಾಲಯಕ್ಕೂ ಧಾರವಾಡದ ಕರ್ನಾಟಕ ವಿಶ್ವವಿದ್ಯಾಲಯಕ್ಕೂ ಬಂದು ಮುಟ್ಟಿತು.

ಫೆರೈಟ್ ಎಂದರೆ ಕಬ್ಬಿಣದ ಆಕ್ಸೈಡಿನೊಂದಿಗೆ ನಿಕ್ಕಲ್, ಸತು, ಕೋಬಾಲ್ಟ್, ಮ್ಯಾಂಗನೀಸ್‌ಗಳಂಥ ಲೋಹಗಳು ಸೇರಿದ ಕಾಂತೀಯ ಪಿಂಗಾಣಿ. ಈ ಮನೆತನದ ಮೂಲಪುರುಷ ಮ್ಯಾಗ್ನೆಟೈಟ್. ಮನುಷ್ಯ ಮೊದಲು ಕಂಡ ಸೂಜಿಗಲ್ಲು ಅದೇ. ಧಾರವಾಡದ ನೆರೆಯ ಗದಗ ಜಿಲ್ಲೆಯ ನೆಲಕ್ಕೆ ಈ ಖನಿಜ ಹೊಸದಲ್ಲ. ಭೂವಿಜ್ಞಾನಿ ರಾಬರ್ಟ್ ಬ್ರೂಸ್ ಫೂಟ್ 1880ರ ದಶಕದಲ್ಲಿ ಈ ಭಾಗದ ಪುರಾತನ ಶಿಲಾಸ್ತೋಮಕ್ಕೆ ಧಾರವಾಡದ ಹೆಸರನ್ನೇ ಇಟ್ಟ. ಅವನು ಗುರುತಿಸಿದ ಶಿಲಾಪಟ್ಟಿಗಳಲ್ಲೊಂದಕ್ಕೆ ಗದಗ ಜಿಲ್ಲೆಯ ಡಂಬಳದ ಜೊತೆಗೆ ತುಮಕೂರು ಜಿಲ್ಲೆಯ ಚಿಕ್ಕನಾಯಕನಹಳ್ಳಿಯ ಹೆಸರು ಬಂತು. ಧಾರವಾಡ ಶಿಲೆಗಳಲ್ಲಿ ಕಬ್ಬಿಣಾಂಶ ತುಂಬಿದ ಪಟ್ಟೆಗಲ್ಲು ಸಾಮಾನ್ಯ. ಬಿಳಿಯ ಬೆಣಚಿನ ಪದರ, ಕಪ್ಪು ಅದಿರಿನ ಪದರ, ಮತ್ತೆ ಬೆಣಚು, ಮತ್ತೆ ಅದಿರು. ಕಾಂತೀಯ ಪದರವನ್ನೂ ಕಾಂತೀಯವಲ್ಲದ ಪದರವನ್ನೂ ಒಂದರ ಮೇಲೊಂದು ಹಾಸುವ ಕೆಲಸವನ್ನು ನಿಸರ್ಗ ಇಲ್ಲಿ ಕೋಟ್ಯಂತರ ವರ್ಷಗಳ ಹಿಂದೆಯೇ ಮಾಡಿ ಮುಗಿಸಿದೆ. ಬೆಣಚೂ ಪೀಜೋವಿದ್ಯುತ್ ಹರಳೇ ಎಂಬುದನ್ನು ನೆನೆದರೆ ಈ ಹೋಲಿಕೆ ಇನ್ನಷ್ಟು ಹತ್ತಿರವಾಗುತ್ತದೆ. ಬೆಣಚು ಫೆರೋವಿದ್ಯುತ್ ಅಲ್ಲ, ವೋಲ್ಟೇಜಿಗೆ ಹೊರಳಿ ನೆನಪು ಉಳಿಸಿಕೊಳ್ಳುವುದಿಲ್ಲ ಎಂಬುದಷ್ಟೇ ವ್ಯತ್ಯಾಸ.

ಧಾರವಾಡದ ಭೌತಶಾಸ್ತ್ರ ವಿಭಾಗದಿಂದ 2000ರ ದಶಕದ ಕೊನೆಯಲ್ಲಿ ನಿಕ್ಕಲ್-ಸತು ಫೆರೈಟ್‌ನಂಥ ಕಾಂತೀಯ ಪಿಂಗಾಣಿಯನ್ನು ಬೇರಿಯಂ, ಸೀಸ, ಜಿರ್ಕೋನಿಯಂ, ಟೈಟಾನಿಯಂಗಳ ಫೆರೋವಿದ್ಯುತ್ ಪಿಂಗಾಣಿಯೊಂದಿಗೆ ಕೂಡಿಸಿದ ಜೋಡಿವಸ್ತುಗಳ ಮೇಲಿನ ಪ್ರಬಂಧಗಳು ಅಂತರರಾಷ್ಟ್ರೀಯ ಪತ್ರಿಕೆಗಳಲ್ಲಿ ಪ್ರಕಟವಾದವು. ಈ ಕೆಲಸದ ಬಹುಪಾಲು ಕೈಗೆಲಸ. ಆಕ್ಸೈಡುಗಳನ್ನು ತೂಗಿ, ಅಕೀಕಿನ ಕಲ್ಲಿನಲ್ಲಿ ಗಂಟೆಗಟ್ಟಲೆ ಅರೆಯಬೇಕು. ಒಮ್ಮೆ ಸುಟ್ಟು, ಮತ್ತೆ ಅರೆದು, ಬಿಲ್ಲೆ ಒತ್ತಿ, ಸಾವಿರ ಡಿಗ್ರಿಯ ಆಸುಪಾಸಿನಲ್ಲಿ ಮತ್ತೊಮ್ಮೆ ಸುಡಬೇಕು. ಸುಡುವಾಗ ಎರಡು ವಸ್ತುಗಳು ಒಂದಕ್ಕೊಂದು ಅಂಟಬೇಕು, ಆದರೆ ಬೆರೆತು ಮೂರನೆಯ ವಸ್ತುವಾಗಬಾರದು; ಕ್ಷ-ಕಿರಣಗಳಿಂದ ಪರೀಕ್ಷಿಸಿದಾಗ ಎರಡರ ರೇಖೆಗಳು ಮಾತ್ರ ಕಾಣಬೇಕು. ಆಮೇಲೆ ಬಿಲ್ಲೆಯನ್ನು ಬಿಸಿ ಮಾಡಿ, ಬಲವಾದ ವಿದ್ಯುತ್ ಕ್ಷೇತ್ರದಲ್ಲಿಟ್ಟು, ಧ್ರುವೀಕರಣವನ್ನು ಒಂದೇ ಮುಖವಾಗಿಸಿ, ವಿದ್ಯುತ್ಕಾಂತದ ನಡುವೆ ಹಿಡಿದು ಹುಟ್ಟುವ ವೋಲ್ಟೇಜನ್ನು ಅಳೆಯಬೇಕು. ಸಿಗುವುದು ಮಿಲಿವೋಲ್ಟ್ ಲೆಕ್ಕದ್ದು. ಫೆರೈಟ್ ಎಷ್ಟು ಪಾಲು, ಟೈಟನೇಟ್ ಎಷ್ಟು ಪಾಲು ಸೇರಿದರೆ ಆ ಮಿಲಿವೋಲ್ಟು ಏರುತ್ತದೆ ಎಂಬುದನ್ನು ಬಿಲ್ಲೆ ಬಿಲ್ಲೆಯಾಗಿ ಪಟ್ಟಿ ಮಾಡಿದ ಈ ದುಡಿಮೆಗೆ ಸಲ್ಲಬೇಕಾದಷ್ಟು ಮನ್ನಣೆ ಸಂದಿಲ್ಲ. ಬೆಂಗಳೂರಿನ ದೊಡ್ಡ ಸಂಸ್ಥೆಗಳ ಮುಂದೆ ಇದು ಸಣ್ಣದಾಗಿ ಕಾಣಬಹುದು. ಆದರೆ ಗದಗ ಜಿಲ್ಲೆಯ ಪದವಿ ಕಾಲೇಜುಗಳು ಸೇರಿದ್ದು ಇದೇ ವಿಶ್ವವಿದ್ಯಾಲಯದ ವ್ಯಾಪ್ತಿಗೆ. ರೋಣ, ನರಗುಂದ, ಗಜೇಂದ್ರಗಡದ ವಿಜ್ಞಾನ ವಿದ್ಯಾರ್ಥಿಗೆ ಸ್ನಾತಕೋತ್ತರ ಭೌತಶಾಸ್ತ್ರದ ಒಂದು ಹೊಸ್ತಿಲು ಧಾರವಾಡ.

ಪುಡಿ ಬೆರೆಸಿದ ಬಿಲ್ಲೆಗೆ ಹುಟ್ಟಿನಿಂದಲೇ ಒಂದು ಊನವಿದೆ. ಫೆರೈಟ್ ಕಣಗಳು ಒಂದನ್ನೊಂದು ಮುಟ್ಟಿದರೆ ಅವುಗಳ ಮೂಲಕ ವಿದ್ಯುತ್ತು ಸೋರುತ್ತದೆ, ಹುಟ್ಟಿದ ಆವೇಶ ನಿಲ್ಲುವುದಿಲ್ಲ. ಧ್ರುವೀಕರಿಸಲು ಬೇಕಾದಷ್ಟು ಕ್ಷೇತ್ರವನ್ನೂ ಬಿಲ್ಲೆ ತಡೆದುಕೊಳ್ಳುವುದಿಲ್ಲ. ಇದಕ್ಕೆ ಪರಿಹಾರ ಪದರ. ಕಾಂತೀಯ ಪದರಗಳ ನಡುವೆ ಫೆರೋವಿದ್ಯುತ್ ಪದರವನ್ನು ಸೇರಿಸಿದರೆ ಸೋರುವ ದಾರಿಯೇ ಕಡಿದುಹೋಗುತ್ತದೆ. 2001ರಲ್ಲಿ ಅಮೆರಿಕದ ಪೆನ್ಸಿಲ್ವೇನಿಯಾ ಸ್ಟೇಟ್ ವಿಶ್ವವಿದ್ಯಾಲಯದವರು ಟರ್ಫೆನಾಲ್-ಡಿ ಎಂಬ, ಕಾಂತಕ್ಷೇತ್ರಕ್ಕೆ ಬಹಳವಾಗಿ ಹಿಗ್ಗುವ ಮಿಶ್ರಲೋಹದ ಎರಡು ಬಿಲ್ಲೆಗಳ ನಡುವೆ ಪಿಜೆಡ್‌ಟಿ ಎಂಬ, ಸೀಸ-ಜಿರ್ಕೋನಿಯಂ-ಟೈಟಾನಿಯಂಗಳ ಫೆರೋವಿದ್ಯುತ್ ಪಿಂಗಾಣಿಯ ಬಿಲ್ಲೆಯನ್ನಿಟ್ಟು ಅಂಟಿಸಿದರು. ಒಂದು ಏರ್‌ಸ್ಟೆಡ್ (ಕಾಂತಕ್ಷೇತ್ರದ ಮಾನ) ಕ್ಷೇತ್ರಕ್ಕೆ ಸೆಂಟಿಮೀಟರಿಗೆ 4.68 ವೋಲ್ಟ್ ಬಂತು. ಮಿಲಿವೋಲ್ಟಿನ ಕಾಲ ಅಲ್ಲಿಗೆ ಮುಗಿಯಿತೆನ್ನಬಹುದು. ಅದೇ ವರ್ಷ ಮಿಷಿಗನ್ನಿನ ಓಕ್‌ಲೆಂಡ್ ವಿಶ್ವವಿದ್ಯಾಲಯದ ಜಿ. ಶ್ರೀನಿವಾಸನ್ ತಂಡ ನಿಕ್ಕಲ್ ಫೆರೈಟ್ ಮತ್ತು ಪಿಜೆಡ್‌ಟಿಯ ತೆಳು ಹಾಳೆಗಳನ್ನು ಒಂದರ ಮೇಲೊಂದು ಪೇರಿಸಿ ಸುಟ್ಟು, ಬಹುಪದರದ ಪಿಂಗಾಣಿಯಲ್ಲೂ ದೊಡ್ಡ ಪರಿಣಾಮ ಸಾಧ್ಯವೆಂದು ತೋರಿಸಿತು.

ಮಿಲಿಮೀಟರಿನ ಪದರದಿಂದ ನ್ಯಾನೋಮೀಟರಿನ ಪದರಕ್ಕೆ ಇಳಿಯಲು ಬೇರೆಯೇ ಸಲಕರಣೆ ಬೇಕಿತ್ತು. 1987ರಲ್ಲಿ ಅಮೆರಿಕದ ಬೆಲ್‌ಕೋರ್ ಸಂಸ್ಥೆಯಲ್ಲಿ ಟಿ. ವೆಂಕಟೇಶನ್ ಮತ್ತು ಸಂಗಡಿಗರು, ಲೇಸರ್ ಮಿಡಿತಗಳಿಂದ ವಸ್ತುವನ್ನು ಆವಿಯಾಗಿಸಿ ಎದುರಿನ ಹರಳಿನ ಮೇಲೆ ಪರಮಾಣು ಪದರಗಳಾಗಿ ಕೂರಿಸುವ ವಿಧಾನವನ್ನು ಹೊಸ ಅತಿವಾಹಕಗಳಿಗೆ ಬಳಸಿ ಗೆದ್ದರು. ಎರಡು ವರ್ಷದ ಬಳಿಕ ಅದೇ ಸಂಸ್ಥೆ ಸೇರಿದ ಆರ್. ರಮೇಶ್ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ 1983ರಲ್ಲಿ ಲೋಹಶಾಸ್ತ್ರದ ಎಂಜಿನಿಯರಿಂಗ್ ಪದವಿ ಪಡೆದವರು. ಆಗ ಫೆರೋವಿದ್ಯುತ್ ಸ್ಮೃತಿಕೋಶಗಳಿಗೆ ಒಂದು ರೋಗ ಅಂಟಿತ್ತು: ಕೆಲಕಾಲ ಹೊರಳಿದ ಮೇಲೆ ಅವು ದಣಿಯುತ್ತಿದ್ದವು, ಕುಣಿಕೆ ಸಪ್ಪಟೆಯಾಗುತ್ತಿತ್ತು. ಲೋಹದ ಬದಲು ವಾಹಕ ಆಕ್ಸೈಡಿನ ಪದರವನ್ನು ವಿದ್ಯುದ್ವಾರವಾಗಿ ಬಳಸಿದರೆ ದಣಿವು ಹೋಗುತ್ತದೆಂದು ರಮೇಶ್ ತಂಡ ತೋರಿಸಿತು. ದಣಿಯದ ಇನ್ನೊಂದು ವಸ್ತು 1995ರಲ್ಲಿ ಸುದ್ದಿಯಾಯಿತು, ಸ್ಟ್ರಾನ್ಷಿಯಂ ಬಿಸ್ಮತ್ ಟಾಂಟಲೇಟ್. ಅದು ಹುಟ್ಟಿನಿಂದಲೇ ಪದರಪದರವಾದ ಹರಳು. ಸ್ವೀಡನ್ನಿನ ಆರಿವಿಲಿಯಸ್ 1949ರಲ್ಲಿ ವಿವರಿಸಿದ ಈ ಪದರ ಹರಳುಗಳ ಬಳಗದಲ್ಲಿ ಫೆರೋವಿದ್ಯುತ್ ಗುಣವನ್ನು 1960ರ ದಶಕದ ಆರಂಭದಲ್ಲಿ ಸಾಲುಸಾಲಾಗಿ ಗುರುತಿಸಿದವರಲ್ಲಿ ಮೊದಲ ಸಾಲಿನ ಹೆಸರು ಇ. ಸಿ. ಸುಬ್ಬರಾವ್ ಅವರದು, ಮುಂದೆ ಅವರು ಕಾನ್ಪುರದ ಐಐಟಿಯಲ್ಲಿ ಪಾಠ ಹೇಳಿದರು. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಮೆಟೀರಿಯಲ್ಸ್ ರಿಸರ್ಚ್ ಸೆಂಟರಿನಲ್ಲಿ ಕೆ. ಬಿ. ಆರ್. ವರ್ಮ ಅವರ ತಂಡ ಇದೇ ಬಳಗದ ಹರಳು, ಪಿಂಗಾಣಿ, ಗಾಜುಗಳ ಮೇಲೆ ದಶಕಗಳ ಕಾಲ ದುಡಿಯಿತು.

ಒಂದೇ ಹರಳಿನಲ್ಲಿ ಎರಡೂ ಗುಣ ಏಕೆ ಅಪರೂಪ ಎಂಬ ಪ್ರಶ್ನೆಗೆ ನೇರವಾದ ಉತ್ತರ ಬಂದದ್ದು 2000ದಲ್ಲಿ, ಸೈದ್ಧಾಂತಿಕ ವಿಜ್ಞಾನಿ ನಿಕೋಲಾ ಸ್ಪಾಲ್ಡಿನ್ ಅವರಿಂದ. ಬೇರಿಯಂ ಟೈಟನೇಟಿನಲ್ಲಿ ಟೈಟಾನಿಯಂ ಅಯಾನು ನಡುವಿನಿಂದ ತುಸು ಸರಿದು ಧ್ರುವೀಕರಣ ಹುಟ್ಟಿಸಲು ಅದರ ಡಿ-ಕಕ್ಷೆ ಖಾಲಿ ಇರಬೇಕು. ಕಾಂತಗುಣ ಹುಟ್ಟಲು ಅದೇ ಡಿ-ಕಕ್ಷೆಯಲ್ಲಿ ಜೋಡಿಯಾಗದ ಎಲೆಕ್ಟ್ರಾನುಗಳಿರಬೇಕು. ಖಾಲಿಯೂ ಇರಬೇಕು, ತುಂಬಿಯೂ ಇರಬೇಕೆಂದರೆ ಒಂದೇ ಪರಮಾಣುವಿಗೆ ಆಗದ ಮಾತು. ಹೊರಬರುವ ದಾರಿಯೆಂದರೆ ಕೆಲಸ ಹಂಚುವುದು: ಧ್ರುವೀಕರಣಕ್ಕೆ ಬಿಸ್ಮತ್, ಕಾಂತಕ್ಕೆ ಮ್ಯಾಂಗನೀಸ್ ಇಲ್ಲವೆ ಕಬ್ಬಿಣ. 2002ರಲ್ಲಿ ಬೆಂಗಳೂರಿನ ಜಕ್ಕೂರಿನಲ್ಲಿರುವ ಜವಾಹರಲಾಲ್ ನೆಹರೂ ಉನ್ನತ ವೈಜ್ಞಾನಿಕ ಸಂಶೋಧನಾ ಕೇಂದ್ರದ ಸಿ. ಎನ್. ಆರ್. ರಾವ್, ಆಗ ಅಮೆರಿಕದಲ್ಲಿದ್ದ ಆಂಥನಿ ಚೀತಮ್ ಮತ್ತು ಸಂಗಡಿಗರು ಬಿಸ್ಮತ್ ಮ್ಯಾಂಗನೈಟಿನಲ್ಲಿ ಎರಡೂ ಗುಣಗಳು ಕೂಡಿರುವ ಕುರುಹುಗಳನ್ನು ವರದಿ ಮಾಡಿದರು. ಆ ವಸ್ತುವಿನ ಕಾಂತಗುಣ ಸೊನ್ನೆಗಿಂತ ಸುಮಾರು 168 ಡಿಗ್ರಿ ಕೆಳಗೆ ಮಾತ್ರ ತಲೆದೋರುತ್ತದೆ. ಅದು ನಿಜಕ್ಕೂ ಫೆರೋವಿದ್ಯುತ್ ಹೌದೇ ಎಂಬ ಬಗ್ಗೆ ಮುಂದೆ ಬಂದ ರಚನಾ ಅಧ್ಯಯನಗಳು ಸಂದೇಹ ಎತ್ತಿದವು. ಆದರೂ ಈ ಕ್ಷೇತ್ರ ಮತ್ತೆ ಚಿಗುರಿದ ಕಾಲದಲ್ಲಿ ಬೆಂಗಳೂರು ಮುಂಚೂಣಿಯಲ್ಲಿತ್ತು ಎಂಬುದಕ್ಕೆ ಆ ಪ್ರಬಂಧ ದಾಖಲೆ.

ಮರುವರ್ಷ, 2003ರಲ್ಲಿ, ಆಗ ಮೇರಿಲ್ಯಾಂಡ್ ವಿಶ್ವವಿದ್ಯಾಲಯದಲ್ಲಿದ್ದ ರಮೇಶ್ ಅವರ ತಂಡ ಬಿಸ್ಮತ್ ಫೆರೈಟಿನ ತೆಳುಪೊರೆಯ ಫಲಿತಾಂಶವನ್ನು ಸೈನ್ಸ್ ಪತ್ರಿಕೆಯಲ್ಲಿ ಪ್ರಕಟಿಸಿತು. ಬಿಸ್ಮತ್ ಫೆರೈಟ್ ಹಳೆಯ ವಸ್ತು. ಅದರ ಹರಳಿನಲ್ಲಿ 1970ರಲ್ಲಿ ಅಳೆದ ಧ್ರುವೀಕರಣ ಚದರ ಸೆಂಟಿಮೀಟರಿಗೆ 6 ಮೈಕ್ರೋಕೂಲಂಬಿನಷ್ಟಿತ್ತು. ಹೊಸ ಪೊರೆಯಲ್ಲಿ 50ರಿಂದ 60 ಬಂತು. ಎಲ್ಲಕ್ಕಿಂತ ಮಿಗಿಲಾಗಿ, ಇದು ಕೋಣೆಯ ಉಷ್ಣತೆಯಲ್ಲೇ ಕೆಲಸ ಮಾಡುವ ವಸ್ತು. ಅದರ ಕಾಂತೀಯ ವ್ಯವಸ್ಥೆ ಸುಮಾರು 370 ಡಿಗ್ರಿಯವರೆಗೂ ಕೆಡುವುದಿಲ್ಲ. ಈ ಪ್ರಬಂಧದ ಲೇಖಕರಲ್ಲಿ ಸ್ಪಾಲ್ಡಿನ್ ಜೊತೆಗೆ ಜಕ್ಕೂರಿನ ಕೇಂದ್ರದ ಸೈದ್ಧಾಂತಿಕ ವಿಜ್ಞಾನಿ ಉಮೇಶ್ ವಾಘ್ಮಾರೆ ಅವರೂ ಇದ್ದರು. ಪೊರೆಯ ಧ್ರುವೀಕರಣ ಅಷ್ಟು ದೊಡ್ಡದಾಗಿರುವುದು ಹರಳಿನ ಸಹಜ ಗುಣವೇ, ಹಳೆಯ ಅಳತೆಯೇ ಕಡಿಮೆ ತೋರಿಸಿತ್ತು ಎಂದು 2005ರಲ್ಲಿ ಸ್ಪಾಲ್ಡಿನ್, ವಾಘ್ಮಾರೆ ಮತ್ತು ಸಂಗಡಿಗರು ಪ್ರಕಟಿಸಿದ ಲೆಕ್ಕಾಚಾರಗಳು ವಿವರಿಸಿದವು. 2003ರ ಪ್ರಬಂಧ ಹೇಳಿದ್ದೆಲ್ಲವೂ ಉಳಿಯಲಿಲ್ಲ. ಪೊರೆಗೆ ದೊಡ್ಡ ಕಾಂತೀಕರಣವಿದೆ ಎಂಬ ಭಾಗಕ್ಕೆ 2005ರಲ್ಲಿ ಕೇಂಬ್ರಿಜ್‌ನವರು ಆಕ್ಷೇಪ ಎತ್ತಿದರು. ಬಿಸ್ಮತ್ ಫೆರೈಟ್ ಮೂಲತಃ ಪ್ರತಿಫೆರೋಕಾಂತ, ಒಳಗಿನ ಕಾಂತಗಳು ಎದುರುಬದುರಾಗಿ ನಿಂತು ಹೊರಗೆ ಬಹುತೇಕ ಸೊನ್ನೆಯಾಗುತ್ತವೆ ಎಂಬುದು ಇಂದಿನ ಒಮ್ಮತ. ಹೀಗಾಗಿ ಅದೊಂದೇ ಸಾಲದು. ಅದರ ಮೇಲೆ ನಿಜವಾದ ಫೆರೋಕಾಂತದ ಪದರವೊಂದನ್ನು ಹಾಸಲೇಬೇಕಾಯಿತು.

ಪದರಗಳ ಕೆಲಸ ಬೆಂಗಳೂರಿನಲ್ಲೂ ನಡೆಯುತ್ತಿತ್ತು. ಮೆಟೀರಿಯಲ್ಸ್ ರಿಸರ್ಚ್ ಸೆಂಟರಿನ ಎಸ್. ಬಿ. ಕೃಪಾನಿಧಿ ಅವರ ತಂಡ, ಜಕ್ಕೂರಿನ ಎ. ಸುಂದರೇಶನ್ ಅವರೊಂದಿಗೆ ಸೇರಿ, 2007ರಲ್ಲಿ ಒಂದು ಬಹುಪದರ ರಚನೆಯನ್ನು ವರದಿ ಮಾಡಿತು. ಲ್ಯಾಂಥನಮ್ ಸ್ಟ್ರಾನ್ಷಿಯಂ ಮ್ಯಾಂಗನೈಟ್ ಎಂಬ ಫೆರೋಕಾಂತ ಮತ್ತು ಸೀಸ-ಮೆಗ್ನೀಸಿಯಂ ನಿಯೋಬೇಟನ್ನು ಸೀಸದ ಟೈಟನೇಟಿನೊಂದಿಗೆ ಬೆರೆಸಿದ ಫೆರೋವಿದ್ಯುತ್, ಇವೆರಡನ್ನು ಲೇಸರ್ ವಿಧಾನದಿಂದ ಸರದಿಯ ಮೇಲೆ ಹಾಸಿದ ರಚನೆ ಅದು. ಕೋಣೆಯ ಉಷ್ಣತೆಯಲ್ಲೇ ಎರಡೂ ಕುಣಿಕೆಗಳು, ಕಾಂತದ್ದೂ ವಿದ್ಯುತ್ತಿನದೂ, ಕಂಡವು. ಕಾಂತಕ್ಷೇತ್ರ ಕೊಟ್ಟಾಗ ವಿದ್ಯುತ್ ಕುಣಿಕೆಯ ಆಕಾರವೇ ಬದಲಾಯಿತು. ಕಾರಣವನ್ನು ತಂಡ ಪದರಗಳ ಒಳಗೆ ಹುಡುಕಲಿಲ್ಲ, ಅವು ಕೂಡುವ ಗಡಿಗಳಲ್ಲಿ ಹುಡುಕಿತು. ಅದೇ ಕಾಲಕ್ಕೆ ಹೊರಗೂ ಗಡಿಯ ಮಹತ್ವ ಸ್ಪಷ್ಟವಾಗುತ್ತಿತ್ತು. ಕಬ್ಬಿಣ ಮತ್ತು ಬೇರಿಯಂ ಟೈಟನೇಟ್ ಪದರಗಳು ಕೂಡುವಲ್ಲಿ ಪರಮಾಣು ಬಂಧಗಳೇ ಬದಲಾಗಿ ಕಾಂತೀಕರಣ ಏರುಪೇರಾಗುತ್ತದೆಂದು ನೆಬ್ರಾಸ್ಕಾದವರು 2006ರಲ್ಲಿ ಲೆಕ್ಕದಿಂದ ಹೇಳಿದರು. 2007ರಲ್ಲಿ ಕೇಂಬ್ರಿಜ್‌ನವರು ಬೇರಿಯಂ ಟೈಟನೇಟ್ ಹರಳಿನ ಮೇಲೆ ಮ್ಯಾಂಗನೈಟ್ ಪೊರೆ ಕೂರಿಸಿ, ವೋಲ್ಟೇಜಿಗೆ ಕಾಂತೀಕರಣ ತಟ್ಟನೆ ಜಿಗಿಯುವುದನ್ನೂ, ವೋಲ್ಟೇಜು ತೆಗೆದ ಮೇಲೂ ಆ ಬದಲಾವಣೆ ಉಳಿಯುವುದನ್ನೂ ತೋರಿಸಿದರು.

ಇಲ್ಲಿ ಒಂದು ತೊಡಕು ಎದುರಾಯಿತು. ಬಿಗಿತದ ನೊಗ ಕಾಂತವನ್ನು 90 ಡಿಗ್ರಿ ತಿರುಗಿಸಬಲ್ಲದು, 180 ಡಿಗ್ರಿ ಹೊರಳಿಸಲಾರದು. ಹಾಳೆಯನ್ನು ಪೂರ್ವ-ಪಶ್ಚಿಮವಾಗಿ ಎಳೆದರೆ ಕಾಂತ ಪೂರ್ವ-ಪಶ್ಚಿಮದ ಗೆರೆಯ ಮೇಲೆ ನಿಲ್ಲುತ್ತದೆ. ಮುಖ ಪೂರ್ವಕ್ಕೋ ಪಶ್ಚಿಮಕ್ಕೋ ಎಂಬುದು ಎಳೆತಕ್ಕೆ ಗೊತ್ತಿಲ್ಲ. ಎಳೆತಕ್ಕೆ ಗೆರೆಯಿದೆ, ಬಾಣವಿಲ್ಲ. ಸ್ಮೃತಿಕೋಶಕ್ಕೆ ಬೇಕಾದದ್ದು ಪೂರ್ತಿ ಹೊರಳುವಿಕೆ, ಸೊನ್ನೆ ಒಂದಾಗುವುದು, ಒಂದು ಸೊನ್ನೆಯಾಗುವುದು. ತೆಳುಪೊರೆಗಳಿಗೆ ಇನ್ನೊಂದು ಕಷ್ಟವೂ ಇತ್ತು. ಅಡಿಯಲ್ಲಿರುವ ದಪ್ಪನೆಯ ಆಧಾರ ಹರಳು ಪೊರೆಯನ್ನು ಕಚ್ಚಿ ಹಿಡಿದಿರುವುದರಿಂದ ಅದು ಸರಾಗವಾಗಿ ಹಿಗ್ಗುವುದೇ ಇಲ್ಲ.

ಬಾಣವಿರುವ ನಂಟು ಬೇರೊಂದಿತ್ತು. ಫೆರೋಕಾಂತವನ್ನು ಪ್ರತಿಫೆರೋಕಾಂತಕ್ಕೆ ತಾಗಿಸಿದರೆ ಗಡಿಯಲ್ಲಿನ ಪರಮಾಣು ಕಾಂತಗಳು ಪರಸ್ಪರ ಕೈಹಿಡಿದು ದಿಕ್ಕನ್ನು ಕಟ್ಟಿಹಾಕುತ್ತವೆ. ಮೈಕಲ್‌ಜಾನ್ ಮತ್ತು ಬೀನ್ 1956ರಲ್ಲೇ ಇದನ್ನು ಕಂಡಿದ್ದರು. ಬಿಸ್ಮತ್ ಫೆರೈಟ್ ಪ್ರತಿಫೆರೋಕಾಂತವೂ ಹೌದು, ಫೆರೋವಿದ್ಯುತ್ತೂ ಹೌದು. ವೋಲ್ಟೇಜಿನಿಂದ ಅದರ ಧ್ರುವೀಕರಣ ತಿರುಗಿಸಿದರೆ ಪ್ರತಿಫೆರೋಕಾಂತದ ವ್ಯವಸ್ಥೆ ತಿರುಗುತ್ತದೆ, ಅದರ ಕೈಹಿಡಿದ ಮೇಲಿನ ಕೋಬಾಲ್ಟ್-ಕಬ್ಬಿಣದ ಪದರವೂ ತಿರುಗುತ್ತದೆ. ಆಗ ಬರ್ಕ್ಲಿಯಲ್ಲಿದ್ದ ರಮೇಶ್ ತಂಡ 2008ರಲ್ಲಿ ಇದನ್ನು ಸಣ್ಣ ಪ್ರದೇಶದಲ್ಲಿ ತೋರಿಸಿತು. ಪೂರ್ತಿ 180 ಡಿಗ್ರಿಯ ಹೊರಳುವಿಕೆ ನೇಚರ್ ಪತ್ರಿಕೆಯಲ್ಲಿ ವರದಿಯಾದದ್ದು 2014ರಲ್ಲಿ. ಆ ಪ್ರಬಂಧದ ಗುಟ್ಟು ಬಹಳ ಸೊಗಸಿನದು. ಧ್ರುವೀಕರಣ ಒಂದೇ ಏಟಿಗೆ 180 ಡಿಗ್ರಿ ಹೊರಳಿದ್ದರೆ ಕಾಂತ ಅಲುಗುತ್ತಿರಲಿಲ್ಲ. ಆದರೆ ಆ ಪೊರೆಯಲ್ಲಿ ಅದು ಎರಡು ಹೆಜ್ಜೆಯಲ್ಲಿ, ಒಮ್ಮೆ 71 ಡಿಗ್ರಿ ಮತ್ತೊಮ್ಮೆ 109 ಡಿಗ್ರಿ ತಿರುಗುತ್ತಿತ್ತು. ಈ ಬಳಸುದಾರಿಯಲ್ಲಿ ಹೋಗುವಾಗ ಕಾಂತೀಯ ವ್ಯವಸ್ಥೆಯೂ ಜೊತೆಗೇ ಸಾಗಿ, ಕೊನೆಗೆ ಎದುರು ಮುಖವಾಗಿ ನಿಲ್ಲುತ್ತಿತ್ತು. ಖರ್ಚಾದ ಶಕ್ತಿ, ವಿದ್ಯುತ್ ಹರಿಸಿ ಕಾಂತ ಹೊರಳಿಸುವ ಅಂದಿನ ಉತ್ತಮ ವಿಧಾನಕ್ಕಿಂತ ಸುಮಾರು ಹತ್ತು ಪಟ್ಟು ಕಡಿಮೆ ಎಂದು ಅಂದಾಜಾಯಿತು.

2018ರ ಡಿಸೆಂಬರಿನಲ್ಲಿ ಇಂಟೆಲ್ ಮತ್ತು ಬರ್ಕ್ಲಿಯ ಸಂಶೋಧಕರು ಇದನ್ನೇ ತಳಪಾಯವಾಗಿಸಿಕೊಂಡು, ವೋಲ್ಟೇಜಿನಿಂದ ಕಾಂತಕ್ಕೆ ಬರೆದು, ಎಲೆಕ್ಟ್ರಾನಿನ ಸ್ಪಿನ್ ಗುಣದಿಂದ ಅದನ್ನು ಓದುವ ತರ್ಕ ಸಾಧನವೊಂದರ ವಿನ್ಯಾಸ ಮುಂದಿಟ್ಟರು. ಅದು ಮಾರುಕಟ್ಟೆಯ ಚಿಪ್ಪಾಗಲು ಹೊರಳುವ ವೋಲ್ಟೇಜು ಇನ್ನೂ ಇಳಿಯಬೇಕು, ಗಡಿಯ ನಂಟು ದಣಿಯದೆ ಬಾಳಬೇಕು. ಇನ್ನೊಂದು ಕವಲು ಪರಮಾಣು ದಪ್ಪದ ಹಾಳೆಗಳತ್ತ ಹೊರಳಿದೆ. 2017ರಲ್ಲಿ ಕ್ರೋಮಿಯಂ ಅಯೋಡೈಡಿನ ಒಂದೇ ಪದರ ಫೆರೋಕಾಂತವೆಂದು ಗೊತ್ತಾಯಿತು, 2022ರಲ್ಲಿ ನಿಕ್ಕಲ್ ಅಯೋಡೈಡಿನ ಒಂದೇ ಪದರದಲ್ಲಿ ಎರಡೂ ಗುಣಗಳ ಕುರುಹು ಸಿಕ್ಕಿತು. ಅರ್ಧ ಶತಮಾನಕ್ಕೂ ಹಿಂದೆ ಜಿನೀವಾದಲ್ಲಿ ಕೆಲಸಕ್ಕೆ ಬಂದದ್ದೂ ನಿಕ್ಕಲ್ ಮತ್ತು ಅಯೋಡಿನ್ ಇದ್ದ ಹರಳೇ. ಇವೆಲ್ಲ ಕಡುಚಳಿಯಲ್ಲಿ ಮಾತ್ರ ಕಾಣುವ ಗುಣಗಳು; ಕೋಣೆಯ ಉಷ್ಣತೆಯಲ್ಲಿ ನೆಚ್ಚಬಹುದಾದ ವಸ್ತುಗಳ ಪೈಕಿ ಬಿಸ್ಮತ್ ಫೆರೈಟಿನ ಪೊರೆಯೇ ಈಗಲೂ ಮುಂದಿದೆ.

ಫೆರೈಟ್ ಬಿಲ್ಲೆಯ ದಾರಿಯೂ ಮುಚ್ಚಿಲ್ಲ. ಅಂಟಿಸಿದ ಪದರಗಳಿಂದ ಅತಿ ಸೂಕ್ಷ್ಮ ಕಾಂತಕ್ಷೇತ್ರ ಅಳೆಯುವ ಸಂವೇದಕಗಳನ್ನು ಮಾಡುವ ಕೆಲಸ ಹಲವು ದೇಶಗಳಲ್ಲಿ ನಡೆದಿದೆ. ಅದಕ್ಕೆ ಬೇಕಾದ ಮೊದಲ ಪಾಠಗಳು ಈವಿಂಗನ ಕುಣಿಕೆಯಲ್ಲೇ ಇವೆ. ಪದವಿ ತರಗತಿಯ ಭೌತಶಾಸ್ತ್ರ ಪ್ರಯೋಗದಲ್ಲಿ ಆಸಿಲೋಸ್ಕೋಪಿನ ಪರದೆಯ ಮೇಲೆ ಆ ಕುಣಿಕೆಯನ್ನು ಮೂಡಿಸಿ, ಚೌಕುಳಿ ಹಾಳೆಯ ಮೇಲೆ ಬಿಡಿಸಿ, ಒಳಗಿನ ಚೌಕಗಳನ್ನು ಎಣಿಸುವ ರೂಢಿ ಇದೆ. ರೋಣದಲ್ಲಾಗಲಿ ನರಗುಂದದಲ್ಲಾಗಲಿ ಗಜೇಂದ್ರಗಡದಲ್ಲಾಗಲಿ, ಆ ಚೌಕಗಳನ್ನು ಎಣಿಸುವ ವಿದ್ಯಾರ್ಥಿ ಎಣಿಸುತ್ತಿರುವುದು ಶಾಖವಾಗಿ ಪೋಲಾಗುವ ಶಕ್ತಿಯನ್ನು. ಬರ್ಕ್ಲಿಯವರು 2014ರಲ್ಲಿ ಹತ್ತು ಪಟ್ಟು ತಗ್ಗಿಸಲು ಹೊರಟದ್ದೂ ಇಂಥ ಪೋಲನ್ನೇ.